ಕೊಲ್ಲುವ ಮುಂಚೆ ಹುಲ್ಲನ್ನು ಚೆನ್ನಾಗಿ ಬೆಳೆಸಿ

"ಅಕ್ಕ, ಇಡೀ ಪಾತಿಯ ಹುಲ್ಲು ಕತ್ತರಿಸಿ ಕ್ಲೀನ್ ಮಾಡಿಟ್ಟಿದ್ದೀನಿ. ಇನ್ನು ಔಷಧಿ ಹೊಡೆಯೋದೊಂದೇ ಬಾಕಿ. ಯಾವುದು ತರ್ಲಿ?"

ನನ್ನ ತಮ್ಮ ಫೋನ್ ಮಾಡಿ ಹೀಗೆ ಕೇಳಿದ. ಅರ್ಧ ಕೆಲಸ ಮುಗಿಸಿದ ಖುಷಿ ಅವನ ದನಿಯಲ್ಲೇ ಗೊತ್ತಾಗುತ್ತಿತ್ತು. "ಕತ್ತರಿಸಿಬಿಟ್ಯಾ? ಹಾಗಾದ್ರೆ ಇನ್ನು ಎರಡು ಮೂರು ವಾರ ಏನೂ ತರಬೇಡ. ಸುಮ್ನೆ ನೀರು ಹಾಕು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಕಳೆಗೆ ನೀರು ಹಾಕು ಅಂದರೆ ಯಾರಿಗೆ ತಾನೇ ಸರಿ ಕಾಣುತ್ತದೆ?

ಫೋನಿನಲ್ಲಿ ಪೂರ್ತಿ ಹೇಳುವುದಕ್ಕೆ ಆಗಲಿಲ್ಲ. ಗರಿಕೆಯಂಥ ಹಠಮಾರಿ ಹುಲ್ಲು ತೆಗೆದು ಅದೇ ಜಾಗದಲ್ಲಿ ಹೊಸ ಗಿಡ ನೆಡಬೇಕು ಅನ್ನುವ ಬೇರೆಯವರಿಗೂ ಆಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸನಿಕೆ ಹಾಕಿ ಒಂದು ಗೇಣು ಆಳದ ಹೆಂಟೆ ಎತ್ತಿ ನೋಡಿ. ಮಣ್ಣು ಉದುರಿಸಿದರೆ ಬೆಳ್ಳಗಿನ, ಗಟ್ಟಿಯಾದ ಎಳೆಗಳು ಕಾಣುತ್ತವೆ. ಬೇರು ಅಂದುಕೊಳ್ಳುತ್ತೇವೆ. ನಿಜಕ್ಕೂ ಅದು ಮಣ್ಣಿನೊಳಗೆ ಅಡ್ಡಡ್ಡ ಓಡುವ ಕಾಂಡ. ಬೆರಳಿಂದ ಸವರಿದರೆ ಗೆಣ್ಣು ಗೆಣ್ಣಾಗಿ ಸಿಗುತ್ತದೆ. ಪ್ರತಿ ಗೆಣ್ಣಿನ ಸುತ್ತ ತೆಳ್ಳಗಿನ ಒಣ ಪೊರೆ. ಉಗುರಿನಿಂದ ಪೊರೆ ಸುಲಿದರೆ ಒಳಗೆ ಚಿಕ್ಕದೊಂದು ಮೊಗ್ಗು ಕೂತಿರುತ್ತದೆ. ನಿಜವಾದ ಬೇರು ಅದೇ ಗೆಣ್ಣಿನಿಂದ ಕೆಳಗೆ ಇಳಿದಿರುತ್ತದೆ. ಒಂದೇ ಒಂದು ಗೆಣ್ಣಿರುವ ತುಂಡು ಮಣ್ಣಲ್ಲಿ ಉಳಿದರೂ ಸಾಕು, ಅದು ಹೊಸ ಹುಲ್ಲಾಗುತ್ತದೆ. ಗರಿಕೆಯಂತೂ ಮಣ್ಣಿನೊಳಗೂ ಓಡುತ್ತದೆ, ಮೇಲೂ ಬಳ್ಳಿ ಬಿಡುತ್ತದೆ. ತಂಪು ಸೀಮೆಯ ಕ್ವಾಕ್ ಗ್ರಾಸ್ ಮೇಲೆ ಬಳ್ಳಿ ಬಿಡುವುದಿಲ್ಲ, ಆದರೆ ಅದರ ಕಾಂಡದ ತುದಿ ಎಷ್ಟು ಚೂಪು ಅಂದರೆ ಅಡ್ಡ ಸಿಕ್ಕಿದ ಗಡ್ಡೆಗಳನ್ನೇ ತೂರಿಕೊಂಡು ಆಚೆ ಹೋಗುತ್ತದೆ.

ಇದನ್ನು ನೋಡಿದ ಮೇಲೆ ಅಗೆಯುವ ಆಸೆ ಬಿಟ್ಟುಬಿಡಿ. ಟಿಲ್ಲರ್ ಓಡಿಸುವ ಆಸೆಯನ್ನಂತೂ ಖಂಡಿತ ಬಿಡಿ. ಟಿಲ್ಲರ್ ಮಾಡುವ ಕೆಲಸ ಏನು? ಉದ್ದದ ಕಾಂಡವನ್ನು ತುಂಡು ತುಂಡು ಮಾಡಿ ಇಡೀ ಜಾಗಕ್ಕೆ ಸಮನಾಗಿ ಹಂಚುವುದು. ಆ ದಿನ ನೆಲ ಚೆಂದ ಕಾಣುತ್ತದೆ. ಆಮೇಲೆ ಮೊದಲು ಹುಲ್ಲಿಲ್ಲದ ಕಡೆಯೂ ಹುಲ್ಲು.

ಹಾಗಾಗಿ ಮಣ್ಣಿನೊಳಗಿನ ಅಷ್ಟೂ ಗೆಣ್ಣಿಗೆ ಔಷಧಿ ತಲುಪಬೇಕು. ಆದರೆ ನಾವು ಹೊಡೆಯುವುದು ಎಲೆಗೆ. ಇಲ್ಲಿಂದ ಅಲ್ಲಿಗೆ ಅದನ್ನು ಸಾಗಿಸುವವರು ಯಾರು? ಹುಲ್ಲೇ.

ಇದಕ್ಕೆ ಜಾಸ್ತಿ ಜನ ಬಳಸುವುದು ಗ್ಲೈಫೋಸೇಟ್. ಇದು ಕಳೆ ಕೊಲ್ಲುತ್ತದೆ ಅಂತ 1970ರಲ್ಲಿ ಕಂಡುಕೊಂಡವರು ಜಾನ್ ಫ್ರಾಂಜ್ ಎಂಬ ರಸಾಯನ ವಿಜ್ಞಾನಿ. 1974ರಲ್ಲಿ ಮಾರುಕಟ್ಟೆಗೆ ಬಂತು. ಗಿಡದೊಳಗಿನ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಆ ಕಿಣ್ವ ಇಲ್ಲದಿದ್ದರೆ ಗಿಡಕ್ಕೆ ಮೂರು ಅಮೈನೋ ಆಮ್ಲಗಳನ್ನು ತಯಾರಿಸಿಕೊಳ್ಳಲು ಆಗುವುದಿಲ್ಲ, ಅಂದರೆ ಹೊಸದಾಗಿ ಬೆಳೆಯುವುದೇ ನಿಲ್ಲುತ್ತದೆ. ಆದರೆ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಗುಣ. ಎಲೆಗೆ ಬಿದ್ದ ಔಷಧಿ ಒಳಗೆ ಹೋಗಿ, ಎಲೆ ತಯಾರಿಸಿದ ಸಕ್ಕರೆಯ ಜೊತೆಗೇ ಹರಿಯುತ್ತದೆ. ಸಕ್ಕರೆ ಎಲ್ಲಿಗೆ ಹೋಗುತ್ತದೋ ಇದೂ ಅಲ್ಲಿಗೇ. ಎಲೆಯನ್ನೇ ಕತ್ತರಿಸಿ ಹಾಕಿದರೆ ಔಷಧಿಗೆ ಹತ್ತಲು ಬಸ್ಸೇ ಇಲ್ಲ. ತಮ್ಮನಿಗೆ ಕಾಯಲು ಹೇಳಿದ್ದು ಇದಕ್ಕೇ.

ಕಾಲದ ಲೆಕ್ಕವೂ ಇದರಲ್ಲೇ ಇದೆ. ಚಳಿ ಕಳೆದು ಹೊಸ ಚಿಗುರು ಬರುವಾಗ ಹುಲ್ಲು ತನ್ನ ಕೂಡಿಟ್ಟ ಗಂಟು ಬಿಚ್ಚುತ್ತದೆ. ಸಕ್ಕರೆ ಕೆಳಗಿನಿಂದ ಮೇಲಕ್ಕೆ ಬರುತ್ತಿರುತ್ತದೆ. ಆಗ ಔಷಧಿ ಹೊಡೆದರೆ ಎಲೆ ಒಣಗುತ್ತದೆ, ಕೆಳಗಿನ ಕಾಂಡಕ್ಕೆ ಹೋಗುವುದು ತೀರಾ ಕಡಿಮೆ. ಶರತ್ಕಾಲದಲ್ಲಿ ಇದು ತಿರುಗಾಮುರುಗಾ. ಹಗಲು ಚಿಕ್ಕದಾಗುತ್ತದೆ, ರಾತ್ರಿ ತಂಪಾಗುತ್ತದೆ. ಮುಂದಿನ ವರ್ಷಕ್ಕೆ ಬೇಕು ಅಂತ ಹುಲ್ಲು ಸಕ್ಕರೆಯನ್ನೆಲ್ಲ ಕೆಳಗೆ ಇಳಿಸಿ ಕೂಡಿಡುತ್ತದೆ. ಆಗ ಹೊಡೆದ ಔಷಧಿಯನ್ನು ಅದೇ ಹೊತ್ತುಕೊಂಡು ಹೋಗಿ ಗೆಣ್ಣು ಗೆಣ್ಣಿಗೂ ತಲುಪಿಸುತ್ತದೆ. ದರ್ಭೆ ಹುಲ್ಲಿಗೂ ಇದೇ ಕಾಲ ಒಳ್ಳೆಯದು.

ಹಾಗಂತ ಎಲ್ಲ ಹುಲ್ಲಿಗೂ ಒಂದೇ ದಿನಾಂಕ ಅಂತಿಲ್ಲ. ಗರಿಕೆ ಬಿಸಿಲಿನ ಹುಲ್ಲು. ಚಳಿ ಜೋರಾದರೆ ಕಂದು ಬಣ್ಣಕ್ಕೆ ತಿರುಗಿ ಮಲಗಿಬಿಡುತ್ತದೆ. ಮಲಗಿದ ಹುಲ್ಲಿಗೆ ಹೊಡೆಯುವುದೂ ಒಂದೇ, ನೆಲಕ್ಕೆ ಸುರಿಯುವುದೂ ಒಂದೇ. ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಹಿಮವಾಗುವ ಜಾಗವಾದರೆ ಮೊದಲ ಹಿಮಕ್ಕೆ ಕೆಲವು ವಾರ ಮುಂಚೆಯೇ, ಇನ್ನೂ ಹಸಿರಾಗಿ ಬೆಳೆಯುತ್ತಿರುವಾಗಲೇ ಗರಿಕೆಗೆ ಹೊಡೆಯಬೇಕು. ಕ್ವಾಕ್ ಗ್ರಾಸ್ ಹಾಗಲ್ಲ. ಒಂದೆರಡು ರಾತ್ರಿ ತೆಳುವಾಗಿ ಹಿಮ ಬಿದ್ದರೂ ಎಲೆ ಹಸಿರಾಗಿದ್ದರೆ ಇನ್ನೂ ಅವಕಾಶ ಇರುತ್ತದೆ. ಕ್ಯಾಲೆಂಡರ್ ಬಿಡಿ, ಎಲೆಯ ಬಣ್ಣ ನೋಡಿ.

ಇನ್ನು ನಿಮ್ಮದು ಹುಲ್ಲು ಹೌದೋ ಅಲ್ಲವೋ ಅನ್ನುವುದನ್ನೂ ನೋಡಿಕೊಳ್ಳಿ. ಬುಡದ ಹತ್ತಿರ ದಂಟನ್ನು ಎರಡು ಬೆರಳ ನಡುವೆ ಹೊರಳಿಸಿ. ಮೂರು ಅಂಚು ಬೆರಳಿಗೆ ತಾಗಿ ತಡೆದು ತಡೆದು ಹೊರಳಿದರೆ ಅದು ಜೇಕು, ಹುಲ್ಲಲ್ಲ. ನೋಡುವುದಕ್ಕೆ ಹುಲ್ಲಿನ ಹಾಗೇ ಇರುತ್ತದೆ, ಆದರೆ ಕೆಳಗೆ ಎಳೆಗೆ ಪೋಣಿಸಿದಂತೆ ಸಾಲಾಗಿ ಗಡ್ಡೆ. ಎಲೆಯಿಂದ ಇಳಿದ ಔಷಧಿ ಮಲಗಿರುವ ಗಡ್ಡೆಗಳವರೆಗೆ ಸರಿಯಾಗಿ ಹೋಗುವುದಿಲ್ಲ, ಅವು ಆಮೇಲೆ ಏಳುತ್ತವೆ. ಹುಲ್ಲನ್ನು ಮಾತ್ರ ಕೊಲ್ಲುವ ಔಷಧಿಗಳಿವೆ, ಫ್ಲುವಾಜಿಫಾಪ್, ಕ್ಲೆಥೋಡಿಮ್ ತರಹದವು. ಅವು ಜೇಕನ್ನು ಮುಟ್ಟುವುದೂ ಇಲ್ಲ. ಅಗಲ ಎಲೆಯ ಹೂಗಿಡಗಳ ನಡುವೆ ಗರಿಕೆ ನುಗ್ಗಿದ್ದರೆ ಮಾತ್ರ ಅವು ಬಹಳ ಉಪಯೋಗ. ಪಾತಿ ಪೂರ್ತಿ ಖಾಲಿ ಮಾಡುವುದಾದರೆ ಗ್ಲೈಫೋಸೇಟೇ ಸಾಕು.

ಈಗ ಬೆಳೆಸುವ ಮಾತು. ಕತ್ತರಿಸುವುದು ನಿಲ್ಲಿಸಿ. ನೆಲ ಒಣಗಿದ್ದರೆ ನೀರು ಹಾಕಿ. ತೀರಾ ಬಡವಾಗಿದ್ದರೆ ಸ್ವಲ್ಪ ಸಾರಜನಕದ ಗೊಬ್ಬರ ಕೊಟ್ಟರೂ ತಪ್ಪಿಲ್ಲ. ಎಲೆ 15ರಿಂದ 20 ಸೆಂಟಿಮೀಟರ್ ಎತ್ತರ ಬರಲಿ. ಗರಿಕೆ ಅಷ್ಟು ಎತ್ತರ ಏಳದೆ ನೆಲಕ್ಕೇ ಹರಡಿಕೊಂಡಿದ್ದರೆ ಎಲೆ ದಟ್ಟವಾಗಿ ತುಂಬಿದೆಯಾ ಅಂತ ನೋಡಿದರೆ ಸಾಕು. ಒಣಗಿ ಸುರುಳಿ ಸುತ್ತಿದ ಎಲೆ ಔಷಧಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಕೆಳಗೂ ಕಳಿಸುವುದಿಲ್ಲ. ಧೂಳು ಹಿಡಿದಿದ್ದರೆ ಹಿಂದಿನ ದಿನ ನೀರು ಚಿಮುಕಿಸಿ ತೊಳೆಯಿರಿ. ಈ ವಾರಗಳಲ್ಲಿ ಬಂದವರೆಲ್ಲ "ಇದೇನು ಹುಲ್ಲು ಸಾಕ್ತಿದ್ದೀರಾ?" ಅಂತ ಕೇಳುತ್ತಾರೆ. ಹೌದು ಅನ್ನಿ, ಅಷ್ಟೇ.

ಧೂಳಿನ ಮಾತು ಯಾಕೆ ಬಂತು ಅಂದರೆ, ಗ್ಲೈಫೋಸೇಟ್ ಮಣ್ಣಿನ ಕಣಕ್ಕೆ ಬಲವಾಗಿ ಅಂಟಿಕೊಳ್ಳುತ್ತದೆ. ಅಂಟಿದ ಮೇಲೆ ಅದು ಕೆಲಸಕ್ಕೆ ಬಾರದು. ಕೆಸರು ನೀರಿನಲ್ಲಿ ಕಲಸಿದರೆ ಡಬ್ಬದಲ್ಲೇ ಅರ್ಧ ಸತ್ತಂತೆ. ಗಡಸು ನೀರಿನದೂ ಇದೇ ಕಥೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೋರ್‌ವೆಲ್ ನೀರಿನಲ್ಲಿ ಪಾತ್ರೆಗೆ ಬಿಳಿ ಕಲೆ ಕಟ್ಟುತ್ತದೆ ಅಲ್ವಾ, ಅಂಥ ನೀರು. ಹಾಗಿದ್ದರೆ ಮಳೆ ನೀರು ಹಿಡಿದಿಟ್ಟುಕೊಂಡು ಬಳಸಿ. ಇಲ್ಲವೇ ಲೇಬಲ್ ಒಪ್ಪುವುದಾದರೆ ಮೊದಲು ನೀರಿಗೆ ಅಮೋನಿಯಂ ಸಲ್ಫೇಟ್ ಕರಗಿಸಿ, ಆಮೇಲೆ ಔಷಧಿ ಹಾಕಿ. ಕಲಸುವುದಕ್ಕೆ ಪ್ಲಾಸ್ಟಿಕ್ ಬಕೆಟ್ಟೇ ಇರಲಿ. ಸತು ಲೇಪಿಸಿದ ಕಬ್ಬಿಣದ ಬಕೆಟ್ ಬೇಡ, ಲೋಹದ ಜೊತೆ ಸೇರಿ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ಅದು ಬೆಂಕಿ ಹಿಡಿಯುವ ಅನಿಲ.

ಅಳತೆ ಲೇಬಲ್ಲಿನಲ್ಲಿ ಇರುವಷ್ಟೇ. "ಹಠಮಾರಿ ಹುಲ್ಲು, ಸ್ವಲ್ಪ ಸ್ಟ್ರಾಂಗ್ ಇರಲಿ" ಅಂತ ಕೈ ಎತ್ತಿ ಸುರಿಯುವವರನ್ನು ನೋಡಿದ್ದೇನೆ. ಎಲೆ ಬೇಗ ಸುಟ್ಟುಹೋದರೆ ಕೆಳಗೆ ಸಾಗಿಸುವ ಕೆಲಸವೂ ಅಲ್ಲಿಗೇ ನಿಲ್ಲುತ್ತದೆ. ಒಂದೇ ದಿನದಲ್ಲಿ ಹುಲ್ಲು ಕಂದಾಗುತ್ತದೆ ಅಂತ ಹೇಳಿಕೊಳ್ಳುವ ಡಬ್ಬಗಳ ಬಗ್ಗೆ ನನಗೆ ನಂಬಿಕೆ ಕಡಿಮೆ. ಡಿಕ್ವಾಟ್ ತರಹದ್ದು ಬೆರೆತಿರುತ್ತದೆ. ಅದು ತಾಗಿದ ಜಾಗವನ್ನು ಮಾತ್ರ ಸುಡುತ್ತದೆ. ಕಣ್ಣಿಗೆ ಖುಷಿ, ಗೆಣ್ಣಿಗೆ ಏನೂ ಆಗಿಲ್ಲ. ವಿನೆಗರ್ ಹೊಡೆಯುವವರ ಕಥೆಯೂ ಇಷ್ಟೇ.

ಅದಕ್ಕಿಂತ ಮುಖ್ಯ, ಡಬ್ಬದ ಮೇಲಿನ ಸಣ್ಣ ಅಕ್ಷರ ಓದಿ. "ತಿಂಗಳುಗಟ್ಟಲೆ ಕಳೆ ಬರುವುದಿಲ್ಲ" ಅಂತ ಬರೆದಿದ್ದರೆ ಅದರಲ್ಲಿ ಮಣ್ಣಿನಲ್ಲಿ ಉಳಿಯುವ ಇನ್ನೊಂದು ಔಷಧಿ ಇದೆ ಅಂತ ಅರ್ಥ. ಇಮಾಜಪೈರ್ ಅಂಥದ್ದು. ದಾರಿಗೆ, ಬೇಲಿ ಸಾಲಿಗೆ ಅದು ಸರಿಯಿರಬಹುದು. ಮತ್ತೆ ಗಿಡ ನೆಡುವ ಪಾತಿಗೆ ತರಲೇಬೇಡಿ. ಹುಲ್ಲೂ ಬರುವುದಿಲ್ಲ, ನಿಮ್ಮ ಗಿಡವೂ ಬರುವುದಿಲ್ಲ.

ಹೊಡೆಯುವ ದಿನ ಬೆಳಿಗ್ಗೆ ಬೇಗ ಎದ್ದು ಓಡಬೇಡಿ. ಇಬ್ಬನಿ ಆರಲಿ. ಒದ್ದೆ ಎಲೆಯ ಮೇಲೆ ಬಿದ್ದ ಔಷಧಿ ಜಾರಿ ನೆಲಕ್ಕೆ ಹೋಗುತ್ತದೆ. ಗಾಳಿ ಜೋರಾಗಿದ್ದರೆ ಬೇಡ ಅನ್ನುವುದು ಎಲ್ಲರಿಗೂ ಗೊತ್ತು. ಒಂದು ಎಲೆಯೂ ಅಲುಗದ ತಣ್ಣನೆ ಬೆಳಗು ಕೂಡ ಒಳ್ಳೆಯದಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಆಗ ನೆಲದ ಹತ್ತಿರ ತಂಪು ಗಾಳಿ, ಮೇಲೆ ಬೆಚ್ಚನೆ ಗಾಳಿ ಕೂತಿರುತ್ತದೆ. ಸಣ್ಣ ಹನಿಗಳು ಕೆಳಗೆ ಬೀಳದೆ ತೇಲಿಕೊಂಡು ಎಲ್ಲಿಗೋ ಹೋಗುತ್ತವೆ. ಬಿಸಿಲು ಸ್ವಲ್ಪ ಏರಿ, ಮೆಲ್ಲಗೆ ಗಾಳಿ ಆಡುವ ಹೊತ್ತು ನನಗೆ ಇಷ್ಟ. ಗಾಳಿ ಯಾವ ಕಡೆಗೆ ಅಂತಲೂ ಗೊತ್ತಾಗುತ್ತದೆ. ಆಮೇಲೆ ಕೆಲವು ಗಂಟೆ ಮಳೆ ಬರಬಾರದು. ಎಷ್ಟು ಗಂಟೆ ಅನ್ನುವುದು ಔಷಧಿಯಿಂದ ಔಷಧಿಗೆ ಬೇರೆ, ನಾನು ಇಡೀ ಹಗಲು ಒಣ ಇರುವ ದಿನವನ್ನೇ ಆರಿಸುತ್ತೇನೆ.

ಸ್ಪ್ರೇಯರ್‌ಗೆ ಜಾಸ್ತಿ ಗಾಳಿ ಪಂಪ್ ಮಾಡಬೇಡಿ. ಒತ್ತಡ ಜಾಸ್ತಿಯಾದಷ್ಟೂ ಮಂಜಿನಂಥ ಹನಿ ಬರುತ್ತದೆ, ಅದು ಹಾರುತ್ತದೆ. ದಪ್ಪ ಹನಿ ಬೀಳುವ ನಾಜಲ್ ಹಾಕಿ, ಮೊಣಕಾಲಿನ ಎತ್ತರದಲ್ಲಿ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಬನ್ನಿ. ಹಾಗೆ ಮಾಡಿದರೆ ಹೊಡೆದ ಹುಲ್ಲನ್ನು ತುಳಿಯುವ ಪ್ರಶ್ನೆ ಬರುವುದಿಲ್ಲ. ಎಲೆ ಒದ್ದೆಯಾದರೆ ಸಾಕು. ತೊಟ್ಟಿಕ್ಕುವಷ್ಟು ಬೇಡ, ತೊಟ್ಟಿಕ್ಕಿದ್ದೆಲ್ಲ ದಂಡ. ಎಲ್ಲಿಗೆ ಹೊಡೆದೆ ಎಲ್ಲಿ ಬಿಟ್ಟೆ ಅಂತ ತಿಳಿಯುವುದಕ್ಕೆ ಬಣ್ಣ ಬೆರೆಸುವುದೂ ಉಂಟು. ನಾನು ಪಾತಿಯಲ್ಲಿ ಹುರಿ ಕಟ್ಟಿ ಪಟ್ಟಿ ಪಟ್ಟಿಯಾಗಿ ಭಾಗ ಮಾಡಿಕೊಳ್ಳುತ್ತೇನೆ.

ಪೂರ್ತಿ ತೋಳಿನ ಅಂಗಿ, ಉದ್ದ ಪ್ಯಾಂಟ್, ರಬ್ಬರ್ ಗ್ಲೌಸ್, ಬೂಟು, ಕಣ್ಣಿಗೆ ಕನ್ನಡಕ. ಕಲಸುವಾಗಲೇ ಇವೆಲ್ಲ ಜಾಸ್ತಿ ಬೇಕು, ಆಗ ಕೈಯಲ್ಲಿರುವುದು ನೀರು ಬೆರೆಸದ ಔಷಧಿ. ಬಟ್ಟೆ ಬೇರೆಯಾಗಿ ಒಗೆಯಿರಿ. ಎಲೆ ಪೂರ್ತಿ ಒಣಗುವ ತನಕ ಮಕ್ಕಳು, ನಾಯಿ, ಬೆಕ್ಕು ಆ ಕಡೆ ಹೋಗದಿರಲಿ. ಕೊಳ, ಹೊಂಡ ಹತ್ತಿರ ಇದ್ದರೆ ದೂರ ಉಳಿಯಿರಿ. ಎಲೆಗೆ ಅಂಟಲಿ ಅಂತ ಕೆಲವು ಡಬ್ಬಗಳಲ್ಲಿ ಬೆರೆಸಿರುವ ಸೋಪಿನಂಥ ವಸ್ತು ಕಪ್ಪೆ, ಗೊದಮೊಟ್ಟೆಗಳಿಗೆ ಔಷಧಿಗಿಂತ ಕೆಟ್ಟದ್ದು.

ಗ್ಲೈಫೋಸೇಟ್ ಕ್ಯಾನ್ಸರ್ ತರುತ್ತದೆಯಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಕೇಳಬೇಕಾದ್ದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಇದನ್ನು "ಬಹುಶಃ ಕ್ಯಾನ್ಸರ್ ತರಬಲ್ಲದ್ದು" ಅನ್ನುವ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದು ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇಲ್ಲ ಅಂದಿತು. ಯುರೋಪಿಯನ್ ಒಕ್ಕೂಟ 2023ರಲ್ಲಿ ಇನ್ನೂ 10 ವರ್ಷಕ್ಕೆ ಅನುಮತಿ ಕೊಟ್ಟಿತು. ಜಗಳ ಮುಗಿದಿಲ್ಲ. ಕೆಲವು ಕಡೆ ಮನೆಯವರು ಹೊಡೆಯುವ ಹಾಗೇ ಇಲ್ಲ, ಪರವಾನಗಿ ಇದ್ದವರೇ ಬರಬೇಕು. ನಿಮ್ಮಲ್ಲಿ ನಿಯಮ ಏನು ಅಂತ ಮೊದಲು ನೋಡಿ. ನನ್ನ ಮಟ್ಟಿಗೆ, ಹೊಸ ಪಾತಿ ಮಾಡುವಾಗ ಸರಿಯಾದ ಕಾಲಕ್ಕೆ ಹೊಡೆದು ಮುಗಿಸುವುದು ಸರಿ ಅನಿಸುತ್ತದೆ. ತಪ್ಪು ಕಾಲದಲ್ಲಿ ಹೊಡೆದು, ಸಾಯಲಿಲ್ಲ ಅಂತ ವರ್ಷವಿಡೀ ಹೊಡೆಯುತ್ತಾ ಇರುವುದು ಸರಿ ಅನಿಸುವುದಿಲ್ಲ. ಬೇಡವೇ ಬೇಡ ಅನ್ನುವವರು ಬಿಸಿಲುಗಾಲ ಪೂರ್ತಿ ಕಪ್ಪು ಟಾರ್ಪಾಲ್ ಹೊದಿಸಿ ನೋಡಬಹುದು. ನಿಧಾನ, ಅಂಚಿನಿಂದ ಮತ್ತೆ ನುಗ್ಗುತ್ತದೆ, ಆದರೂ ಹುಲ್ಲು ಸೊರಗುವುದಂತೂ ನಿಜ.

ಪಕ್ಕದ ಗಿಡಗಳ ವಿಷಯಕ್ಕೆ ಬಂದರೆ ಶರತ್ಕಾಲ ತುಸು ಮೋಸದ ಕಾಲ. ಹುಲ್ಲು ಸಕ್ಕರೆ ಇಳಿಸುವಾಗ ಗುಲಾಬಿಯೂ ಇಳಿಸುತ್ತಿರುತ್ತದೆ. ಅದರ ಎಲೆಗೆ, ಹಸಿರು ಕಾಂಡಕ್ಕೆ ನಾಲ್ಕು ಹನಿ ಹಾರಿದರೂ ಆಗ ಏನೂ ಕಾಣುವುದಿಲ್ಲ. ಎಲೆ ಉದುರುತ್ತದೆ, ಕಾಲವೇ ಹಾಗಿದೆ ಅಂದುಕೊಳ್ಳುತ್ತೇವೆ. ಮುಂದಿನ ಚಿಗುರಿನಲ್ಲಿ ಗೊತ್ತಾಗುತ್ತದೆ. ಎಲೆಗಳು ದಾರದಷ್ಟು ತೆಳ್ಳಗೆ, ಮುರುಟಿಕೊಂಡು, ಒಂದೇ ಗೆಣ್ಣಿನಲ್ಲಿ ಗೊಂಚಲು ಗೊಂಚಲಾಗಿ ಬರುತ್ತವೆ. ನೋಡಿದವರು ರೋಗ ಅಂದುಕೊಂಡು ಇನ್ನೊಂದು ಔಷಧಿ ತರುತ್ತಾರೆ. ಗಿಡದ ಬುಡದಲ್ಲಿ ಎದ್ದಿರುವ ಹುಲ್ಲಿಗೆ ಸ್ಪ್ರೇಯರ್ ಹಿಡಿಯಲೇಬೇಡಿ. ಸಣ್ಣ ಪೇಂಟ್ ಬ್ರಷ್ ತೆಗೆದುಕೊಂಡು ಎಲೆ ಎಲೆಗೆ ಸವರಿ. ತಳ ಕತ್ತರಿಸಿದ ದೊಡ್ಡ ಪ್ಲಾಸ್ಟಿಕ್ ಬಾಟಲಿಯೊಳಗೆ ಹುಲ್ಲನ್ನು ತೂರಿಸಿ, ಬಾಯಿಂದ ಒಳಗೆ ಒಂದು ಸಲ ಹೊಡೆದರೂ ಆಯಿತು. ಮರದ ಬೇರಿನಿಂದ ಎದ್ದ ಮರಿಗಿಡಗಳಿಗೆ ಮಾತ್ರ ಮುಟ್ಟಿಸಬೇಡಿ, ಅದು ತಾಯಿ ಮರಕ್ಕೇ ಹೋಗುತ್ತದೆ.

ಹೊಡೆದಾಯಿತು. ಇನ್ನು ಕಾಯಬೇಕು. ಮೊದಲ ಕೆಲವು ದಿನ ಏನೂ ಆಗುವುದಿಲ್ಲ, ತಂಪು ದಿನಗಳಲ್ಲಿ ಇನ್ನೂ ನಿಧಾನ. ಎರಡು ವಾರ ಹಿಡಿದರೂ ಗಾಬರಿ ಬೇಡ. ಮೊದಲು ಹೊಸ ಎಲೆ ಹಳದಿಯಾಗುತ್ತದೆ, ಆಮೇಲೆ ಉಳಿದದ್ದು. ಇದು ನಡೆಯುವಾಗ ಕತ್ತರಿಸುವುದು, ಕೀಳುವುದು, ಅಗೆಯುವುದು ಏನೂ ಬೇಡ. ಕನಿಷ್ಠ ಒಂದು ವಾರವಾದರೂ ಮುಟ್ಟದೆ ಬಿಡಿ. ಔಷಧಿ ಇನ್ನೂ ಕೆಳಗೆ ಇಳಿಯುತ್ತಿರುತ್ತದೆ.

ಪೂರ್ತಿ ಒಣಗಿದ ಮೇಲೆ ಪಾತಿಗೆ ನೀರು ಹಾಕಿ. ಹೌದು, ಮತ್ತೆ ನೀರು. ಉಳಿದ ಗೆಣ್ಣು ಇದ್ದರೆ ಚಿಗುರಲಿ, ಮೇಲೆ ಬಿದ್ದಿರುವ ಬೀಜ ಮೊಳೆಯಲಿ. ಗ್ಲೈಫೋಸೇಟ್ ಬೀಜವನ್ನು ಕೊಲ್ಲುವುದಿಲ್ಲ. ಗರಿಕೆ ಒಂದೇ ಏಟಿಗೆ ಪೂರ್ತಿ ಹೋಯಿತು ಅಂದರೆ ನನಗೆ ನಂಬುವುದು ಕಷ್ಟ. ಚಿಗುರಿದ್ದು ಒಂದಿಷ್ಟು ಎಲೆ ಬಿಟ್ಟ ಮೇಲೆ ಇನ್ನೊಮ್ಮೆ ಅಷ್ಟಕ್ಕೆ ಮಾತ್ರ ಹೊಡೆಯಿರಿ. ಚಳಿ ಬಂದು ಚಿಗುರು ನಿಂತರೆ ಬಿಟ್ಟುಬಿಡಿ, ಬಿಸಿಲು ಬಂದ ಮೇಲೆ ನೋಡಿದರಾಯಿತು. ಬೀಜದಿಂದ ಬಂದ ಸಣ್ಣ ಮೊಳಕೆಗೆ ಔಷಧಿ ದಂಡ. ಕುರುಪಿಯಿಂದ ಮೇಲ್ಮೇಲೆ ಕೆರೆದರೆ ಸಾಯುತ್ತದೆ.

ನೆಡುವಾಗ ಇಡೀ ಪಾತಿ ಅಗೆಯಬೇಡಿ. ಸತ್ತ ಹುಲ್ಲು ಹಾಗೇ ಹೊದಿಕೆಯಾಗಿರಲಿ, ಗಿಡಕ್ಕೆ ಬೇಕಾದಷ್ಟೇ ಗುಂಡಿ ತೆಗೆಯಿರಿ. ಆಳದ ಮಣ್ಣು ಮೇಲೆ ಬಂದರೆ ಅಲ್ಲಿ ಮಲಗಿದ್ದ ಬೀಜಕ್ಕೆ ಬೆಳಕು ಸಿಗುತ್ತದೆ, ಮತ್ತೆ ಶುರು. ಬೀಜ ಚೆಲ್ಲುವುದಾದರೆ ಮಾತ್ರ ಒಣಹುಲ್ಲನ್ನು ಕುಂಟೆಯಿಂದ ಎಳೆದು ತೆಗೆದು ಮೇಲಿನ ಪದರ ಸ್ವಲ್ಪ ಸಡಿಲ ಮಾಡಿ. ಗ್ಲೈಫೋಸೇಟ್ ಮಣ್ಣಿಗೆ ಅಂಟಿ ನಿಷ್ಕ್ರಿಯ ಆಗುವುದರಿಂದ ಹೊಸ ಬೇರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಎಷ್ಟು ದಿನ ಬಿಟ್ಟು ನೆಡಬೇಕು ಅನ್ನುವುದು ಡಬ್ಬದ ಮೇಲೆ ಇರುತ್ತದೆ. ಆಮೇಲೆ ಗಿಡಗಳ ನಡುವೆ ನಾಲ್ಕು ಬೆರಳು ದಪ್ಪಕ್ಕೆ ಮರದ ಚಕ್ಕೆಯೋ ಒಣ ಎಲೆಯೋ ಹಾಕಿ.

ಪಕ್ಕದಲ್ಲಿ ಇನ್ನೂ ಜೀವಂತ ಗರಿಕೆ ಇದ್ದರೆ ಅಂಚಿಗೆ ಒಂದು ಸಣ್ಣ ಕಾಲುವೆ ತೆಗೆದಿಡಿ. ಬಳ್ಳಿ ಅದನ್ನು ದಾಟಿ ಬರುವಾಗ ಕಣ್ಣಿಗೆ ಬೀಳುತ್ತದೆ, ಕತ್ತರಿ ಸಾಕು. ತಮ್ಮನ ಪಾತಿಗೂ ಒಂದು ಕಡೆ ಲಾನ್ ಇದೆ, ಅದೂ ಗರಿಕೆಯದ್ದೇ, ದುಡ್ಡು ಕೊಟ್ಟು ತಂದು ಹಾಕಿಸಿದ್ದು. ಆ ಕಡೆಗೆ ಕಾಲುವೆ ಈಗಲೇ ತೆಗೆಯಲು ಹೇಳಿದ್ದೇನೆ, ಹುಲ್ಲು ಬೆಳೆಯುವ ತನಕ ಅವನಿಗೂ ಏನಾದರೂ ಕೆಲಸ ಇರಲಿ.